ಝಳಕಿ ದಾಟುವವರೆಗೆ

ನಮ್ಮ ಇಂಡಿ ಊರಿನಲ್ಲಿ ಬಿಸಿಲು ಏರಿತೆಂದರೆ ರಸ್ತೆ ಬದಿಗೆ ಅರವಟಿಗೆಗಳು ಶುರುವಾಗುತ್ತವೆ. ಒದ್ದೆ ಗೋಣಿಚೀಲ ಸುತ್ತಿದ ಗಡಿಗೆ, ಅದರ ಮೇಲೊಂದು ಮುಚ್ಚಳ, ದಾರ ಕಟ್ಟಿದ ಸ್ಟೀಲಿನ ಲೋಟ. ನಮ್ಮ ಮನೆಯಿಂದ ತಾಲೂಕು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಂಥವು ಎರಡು ಸಿಗುತ್ತವೆ. ಜಗಳಾಡಿದ ಬೀಗರ ಮನೆ ಮುಂದೆ ಹಾಯುವವಳ ಹಾಗೆ ಎರಡರ ಮುಂದೆಯೂ ಮುಖ ಆ ಕಡೆ ತಿರುಗಿಸಿಕೊಂಡು ನಡೆಯುತ್ತೇನೆ. ನನ್ನ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ. ಕುಡಿದ ನೀರಿಗೆ ಹೊರಗೆ ಹೋಗುವ ದಾರಿಯಿಲ್ಲ. ಮೊದಲು ಕಾಲಿಗೆ, ಆಮೇಲೆ ಮುಖಕ್ಕೆ, ಕೊನೆಗೆ ಎದೆಗೆ ಇಳಿಯುತ್ತದೆ. ಅದಕ್ಕೇ ದಿನಕ್ಕೆ ಒಂದು ಸಣ್ಣ ತಂಬಿಗೆಯಷ್ಟು ಅಳತೆಯ ನೀರು. ಗುಳಿಗೆ ನುಂಗುವುದು ಅದರಲ್ಲೇ, ಚಹಾ ಅದರಲ್ಲೇ, ಅನ್ನದ ಮೇಲೆ ಹಾಕಿಕೊಳ್ಳುವ ಸಾರೂ ಅದರ ಲೆಕ್ಕಕ್ಕೇ ಬರುತ್ತದೆ.

ವಾರಕ್ಕೆರಡು ಸಲ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಮಲಗುತ್ತೇನೆ. ಮಷಿನ್ ನನ್ನ ರಕ್ತವನ್ನು ಎಳೆದುಕೊಂಡು, ತೊಳೆದು, ತಿರುಗಿ ಒಳಗೆ ಬಿಡುತ್ತದೆ. ಕೋಣೆಯ ಹೊರಗೆ ಒಂದು ಬೆಂಚಿದೆ. ಅಲ್ಲಿ ಹೊಸಬರು ಬಂದು ಕೂತರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ರಿಪೋರ್ಟಿನ ಚೀಲವನ್ನು ಎರಡೂ ಕೈಯಿಂದ ಹಿಡಿದಿರುತ್ತಾರೆ. ಸ್ವಲ್ಪ ಹೊತ್ತಿಗೆ ನನ್ನ ಕಡೆ ಸರಿದು, ಇದು ವಾಸಿಯಾಗುತ್ತದೆಯೇ ಎಂದು ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ಹಾಗಾದರೆ ಇಷ್ಟು ವರ್ಷ ನೀವು ಹೇಗಿದ್ದೀರಿ ಎಂದು ಕೇಳುತ್ತಾರೆ. ಅದಕ್ಕೆ ಮಾತ್ರ ಬೆಂಚಿನ ಮೇಲೆ ಕೂತು ಹೇಳುವಷ್ಟು ಚಿಕ್ಕ ಉತ್ತರ ನನ್ನ ಹತ್ತಿರ ಇಲ್ಲ. ಸೂಜಿ ಚುಚ್ಚುವುದು ಎಡಗೈಗೆ. ಬಲಗೈ ಬಿಡುವಾಗಿರುತ್ತದೆ. ಮಲಗಿಕೊಂಡೇ ಇದನ್ನು ಬರೆದಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ.

ನನ್ನ ಕಾಯಿಲೆಯ ಕಥೆ ಹೇಳಬೇಕೆಂದರೆ ನನ್ನ ಗಂಡನ ಕುಡಿತದಿಂದ ಶುರು ಮಾಡಬೇಕು. ಇವರ ಹೆಸರು ಮಲ್ಲಪ್ಪ. ಟೆಂಪೊ ಓಡಿಸುತ್ತಾರೆ. ಇಂಡಿಯ ನಿಂಬೆಹಣ್ಣು ತುಂಬಿಕೊಂಡು ಸೊಲ್ಲಾಪುರದ ಮಾರ್ಕೆಟ್ಟಿಗೆ ಹೋಗುವುದು, ಖಾಲಿ ಗಾಡಿ ತಿರುಗಿಸಿಕೊಂಡು ಬರುವುದು. ಝಳಕಿಯಲ್ಲಿ ಹೆದ್ದಾರಿ ಬಿಟ್ಟು ಇಂಡಿಯ ಕಡೆ ಹೊರಳಬೇಕು. ಹೊರಳುವ ಜಾಗದಲ್ಲೇ ಧಾಬಾಗಳು. ಲೋಡು ಇಳಿಸಿ ಬಂದ ಮನುಷ್ಯ, ಕಿಸೆಯಲ್ಲಿ ಅಂದಿನ ದುಡಿಮೆ, ಕಣ್ಣೆದುರಿಗೆ ಸಾಲಾಗಿ ಹಾಕಿದ ಹೊರಸು. ನಾನು ತವರೂರು ಮಸೂತಿಯಿಂದ ಮದುವೆಯಾಗಿ ಬಂದ ವರ್ಷವೇ ಇವರ ಟೆಂಪೊ ದಿನಾ ಝಳಕಿಯಲ್ಲಿ ನಿಲ್ಲುತ್ತದೆ ಎಂದು ಗೊತ್ತಾಯಿತು. ಹೊಡೆಯುತ್ತಿದ್ದರು. ಅದನ್ನು ನಯವಾಗಿ ಬರೆಯಲು ನನಗೆ ಬರುವುದಿಲ್ಲ. ನಾನು ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಮನೆ ನಡೆಸುತ್ತಿದ್ದೆ. ಸಂಜೆಯಾಯಿತೆಂದರೆ ಟೆಂಪೊ ಝಳಕಿ ದಾಟಿತೋ ಇಲ್ಲವೋ ಎಂಬುದೇ ನನ್ನ ಪಂಚಾಂಗ.

ಇಂಡಿಯ ಮಾರ್ಕೆಟ್ಟಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಪ್ರಾರ್ಥನೆ ಕೂಟ ನಡೆಯುತ್ತಿತ್ತು. ನಿಂಬೆಹಣ್ಣು ತುಂಬುವ ಹಮಾಲನೊಬ್ಬ ಒಂದು ದಿನ ಇವರನ್ನು ಅಲ್ಲಿಗೆ ಕರೆದುಕೊಂಡು ಹೋದ. ನಡೆಸುತ್ತಿದ್ದವರು ಮುದ್ದೇಬಿಹಾಳದ ಕಡೆಯ ಪಾಸ್ಟರ್. ಅಂದು ಇವರು ಅತ್ತರಂತೆ. ಅಳುವುದು ಕುಡುಕರಿಗೆ ಹೊಸದಲ್ಲವಾದ್ದರಿಂದ ನಾನು ನಂಬಲಿಲ್ಲ. ಆದರೆ ಮರುದಿನ ಕುಡಿಯಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವರ್ಷ ಪೂರ್ತಿ ಇವತ್ತು ಬೀಳುತ್ತಾರೆ, ನಾಳೆ ಬೀಳುತ್ತಾರೆ ಎಂದು ಕಾದೆ. ಬೀಳಲಿಲ್ಲ. ಯಾವ ದೇವರು ಈ ಮನುಷ್ಯನನ್ನು ದಿನಾ ಝಳಕಿ ದಾಟಿಸುತ್ತಾನೋ ಅವನೇ ನನಗೆ ಸಾಕು ಎಂದು ನಾನೂ ದೀಕ್ಷಾಸ್ನಾನ ತೆಗೆದುಕೊಂಡೆ. ನನ್ನ ನಂಬಿಕೆ ಹುಟ್ಟಿದ್ದು ಹಾಗೆ, ದೊಡ್ಡ ದರ್ಶನವೇನೂ ಆಗಲಿಲ್ಲ. ಮಸೂತಿಯ ನನ್ನ ಅಣ್ಣ ಅಂದಿನಿಂದ ನಮ್ಮ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ.

ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವುದೆಂದರೆ ದೊಡ್ಡದು. ದೇವರು ತನಗೆ ಮಾಡಿದ್ದನ್ನು ಎದ್ದುನಿಂತು ಹೇಳಬೇಕು. ಇವರ ಸಾಕ್ಷಿಗೆ ಬಹಳ ಹೆಸರಾಯಿತು. ಸಿಂದಗಿ, ಬಾಗೇವಾಡಿ ಕಡೆಯ ಕೂಟಗಳಿಗೂ ಕರೆಯುತ್ತಿದ್ದರು. ಕೊನೆಯ ಮಾತು ಯಾವಾಗಲೂ ಒಂದೇ.

"ಒಂದ ಕ್ಷಣದಾಗ ಬಿಟ್ಟೇನ್ರಿ. ಕುಡಿಯೂ ಆಶಾನ ಕರ್ತ ಬೇರಸಮೇತ ಕಿತ್ತು ಒಗದಾನ."

ಶೆಡ್ಡಿನ ತಗಡು ಹಾರುವಂತೆ ಹಲ್ಲೆಲೂಯ ಎನ್ನುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿರುತ್ತಿದ್ದೆ. ಮನೆಗೆ ಬಂದ ಮೇಲೆ ಮಾತ್ರ ಇವರ ಹೆಗಲ ಟವೆಲ್ಲನ್ನು ಒಗೆಯಲು ಹಾಕುವ ಮುಂಚೆ ಮೂಗಿಗೆ ಹಿಡಿದು ನೋಡುತ್ತಿದ್ದೆ. ಹಳೆಯ ಚಾಳಿ. ದಿನಾ ಅದು ನಿಂಬೆಹಣ್ಣು ನಾರುತ್ತಿತ್ತು. ಲೋಡಿನ ವಾಸನೆ ಎಂದುಕೊಳ್ಳುತ್ತಿದ್ದೆ. ಕೆಲವು ಸಲ, ಏನನ್ನೋ ಮುಚ್ಚಲು ನಿಂಬೆ ಉಜ್ಜಿಕೊಂಡಿದ್ದಾರೆಯೇ ಎಂಬ ಅನುಮಾನವೂ ಬರುತ್ತಿತ್ತು. ಸಭೆಯವರೆಲ್ಲ ನಂಬಿದ್ದರು, ಹೆಂಡತಿಯೊಬ್ಬಳಿಗೆ ಪೂರ್ತಿ ನಂಬಲು ಬರಲಿಲ್ಲ.

ಹೀಗೆ ಏಳೆಂಟು ವರ್ಷ ನಡೆಯಿತು. ಆಮೇಲೆ ನನ್ನ ಕಾಲು ಊದತೊಡಗಿದವು. ಬಳೆ ಬಿಗಿಯಾದವು. ಬೆಳಿಗ್ಗೆ ವಾಂತಿ. ಪಿತ್ತವೆಂದು ಶುಂಠಿ ಜಗಿದೆ, ಲಿಂಬು ಸೋಡಾ ಕುಡಿದೆ. ಹೆಂಚಿನ ಮುಂದೆ ಕೂತರೆ ಉಸಿರು ಮೇಲೆ ಮೇಲೆ ಬರುತ್ತಿತ್ತು. ಊರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ಹೇಳದೆ ಸೊಲ್ಲಾಪುರಕ್ಕೆ ಚೀಟಿ ಬರೆದರು. ಡಾಕ್ಟರು ಏನೂ ಹೇಳದಿದ್ದಾಗಲೇ ಅರ್ಧ ಗೊತ್ತಾಗುತ್ತದೆ.

ಸೊಲ್ಲಾಪುರದ ಆ ಆಸ್ಪತ್ರೆಯ ಕಾಯುವ ಕೋಣೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಕಡೆಯವರೇ ಅರ್ಧ ಜನ. ಒಬ್ಬಾಕೆ ಮೊಸರನ್ನದ ಡಬ್ಬಿ ಬಿಚ್ಚಿ ಎಲ್ಲರಿಗೂ ಬೇಕೇ ಎಂದು ಕೇಳುತ್ತಿದ್ದಳು. ಒಳಗೆ ಡಾಕ್ಟರು ಮರಾಠಿ ಬೆರೆಸಿದ ಕನ್ನಡದಲ್ಲಿ, ಎರಡೂ ಕಿಡ್ನಿ ಒಣಗಿ ಸಣ್ಣಗಾಗಿವೆ, ಬಹಳ ದಿನದ ಬಿ.ಪಿ.ಯಿಂದ ಆಗಿರಬೇಕು ಎಂದರು. ಇವರು ಒಂದೇ ಪ್ರಶ್ನೆ ಕೇಳಿದರು.

"ಎರಡೂ ಏನ್ರಿ, ಸಾಹೇಬ್ರ?"

ತಿರುಗಿ ಬರುವಾಗ ನಾನು ಸಾಯುತ್ತೇನೆಂಬ ಹೆದರಿಕೆ ನನಗಿರಲಿಲ್ಲ. ಇದ್ದದ್ದು ಝಳಕಿಯ ಹೆದರಿಕೆ. ಈ ಮನುಷ್ಯ ದೇವರನ್ನು ನಂಬಿ ಬಾಟಲಿ ಬಿಟ್ಟಿದ್ದಾನೆ, ಆ ದೇವರೇ ಹೆಂಡತಿಯನ್ನು ಕಸಿದುಕೊಳ್ಳುತ್ತಾನೆಂದರೆ ಇವನನ್ನು ಹಿಡಿದಿಡುವುದು ಯಾವುದು? ಧಾಬಾದ ದೀಪಗಳು ಕಂಡಾಗ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಟೆಂಪೊ ನಿಲ್ಲದೆ ಹೊರಳಿತು. ಅಂದಿನಿಂದ ನನ್ನ ಪ್ರಾರ್ಥನೆಯೂ ಅಷ್ಟೇ ಆಯಿತು: ದೇವರೇ, ನನ್ನದೇನಾದರೂ ಆಗಲಿ, ಇವರನ್ನು ಝಳಕಿ ದಾಟಿಸು.

ಸಭೆಯವರು ನನಗಾಗಿ ಉಪವಾಸ ಪ್ರಾರ್ಥನೆ ಹಿಡಿದರು. ಅದನ್ನು ನಾನು ಹಗುರವಾಗಿ ಹೇಳಲಾರೆ. ಕೂಲಿಗೆ ಹೋಗುವ ಹೆಂಗಸರು ಹೊಟ್ಟೆಗಿಲ್ಲದೆ ಕೆಲಸ ಮಾಡಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತರು. ಗುಳಿಗೆಯೂ ನಡೆದಿತ್ತು. ಮುಂದಿನ ಸಲ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಅಂಕಿ ಸ್ವಲ್ಪ ಇಳಿದಿತ್ತು. ಡಾಕ್ಟರು, ಒಳ್ಳೆಯದು, ಆದರೆ ಇದನ್ನು ನಂಬಿ ಕೂರಬೇಡಿ, ಮತ್ತೆ ಏರುತ್ತದೆ ಎಂದಿದ್ದರು. ಇವರ ಕಿವಿಗೆ 'ಇಳಿದಿದೆ' ಎಂಬುದಷ್ಟೇ ಬಿತ್ತು.

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ಬೇಡಿದ್ದು ಸಿಕ್ಕವರು ಭಾನುವಾರ ಸಾಕ್ಷಿ ಹೇಳಿ, ಮನೆಯಲ್ಲಿ ಮಾದಲಿ ಮಾಡಿ ತಂದು ಎಲ್ಲರಿಗೂ ತಮ್ಮ ಕೈಯಾರೆ ಬಡಿಸಬೇಕು. ಕುಟ್ಟಿದ ಗೋದಿ ರೊಟ್ಟಿಗೆ ಬೆಲ್ಲ, ಗಸಗಸೆ, ಮೇಲೆ ಹಾಲು ತುಪ್ಪ. ಊರ ಹಬ್ಬದ ಅಡುಗೆಯೇ ಕೂಟದೊಳಗೂ ಬಂದಿದೆ. ಮಾದಲಿ ಬಡಿಸಿದ ಮೇಲೆ ಆ ಮಾತು ಮುಗಿದಂತೆ. ಮತ್ತೆ ಅದಕ್ಕಾಗಿ ಯಾರೂ ಪ್ರಾರ್ಥನೆ ಬೇಡುವುದಿಲ್ಲ. ಕೊಟ್ಟ ದೇವರನ್ನು ಮತ್ತೆ ಕೇಳಿದರೆ ಅವಿಶ್ವಾಸ.

ನಾನು ಬೇಡವೆಂದೆ. ಇನ್ನೊಂದು ಪರೀಕ್ಷೆ ಆಗಲಿ ಎಂದೆ. ಇವರು ನನ್ನ ಮುಖ ನೋಡಿದರು. ಆ ಅಂಕಿ ಇವರಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಆಗ ತಿಳಿಯಿತು. ನಾನೇ ರೊಟ್ಟಿ ಸುಟ್ಟು ಕುಟ್ಟಿದೆ. ಇವರು ಸಾಕ್ಷಿ ಹೇಳಿದರು. ಊದಿದ ಕಾಲಲ್ಲೇ ಸಾಲಿನಿಂದ ಸಾಲಿಗೆ ಬಾಗಿ ಮಾದಲಿ ಬಡಿಸಿದೆ. ಎಲ್ಲರೂ ನನ್ನ ಬಣ್ಣ ತಿರುಗಿದೆ, ಮುಖಕ್ಕೆ ಕಳೆ ಬಂದಿದೆ ಎಂದರು. ಬಂದದ್ದು ಬಾವು.

ಆಮೇಲೆ ಬೇಸಿಗೆ ಮುಗಿಯುವ ಮುಂಚೆಯೇ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಾ ಕೂತವಳು ಹಾಗೇ ಪಕ್ಕಕ್ಕೆ ವಾಲಿದೆ. ಎದೆಯಲ್ಲಿ ನೀರು ತುಂಬಿತ್ತು. ಒಣ ನೆಲದ ಮೇಲೆ ಮುಳುಗುವುದು ಹೇಗಿರುತ್ತದೆಂದು ನನಗೆ ಗೊತ್ತು. ಕತ್ತಿಗೆ ನಳಿಕೆ ಹಾಕಿ ಮಷಿನಿಗೆ ಹಚ್ಚಿದರು. ಆಮೇಲೆ ಮಷಿನಿನ ಸೂಜಿ ಚುಚ್ಚಲೆಂದು ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದರು. ಆ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ಜುಂ ಎನ್ನುತ್ತದೆ. ಆ ಕೈಗೆ ಪೆಟ್ಟು ಬೀಳಬಾರದು, ಭಾರ ಎತ್ತಬಾರದು. ರೊಟ್ಟಿ ಬಡಿಯುವುದಕ್ಕೆ ಎರಡೂ ಕೈ ಬೇಕು, ಒಂದು ಬಡಿಯುತ್ತದೆ, ಇನ್ನೊಂದು ತಿರುಗಿಸುತ್ತದೆ. ನನ್ನ ಹೆಂಚು ಅಂದೇ ಮೂಲೆ ಸೇರಿತು.

ಈಗ ಸಭೆಯ ಪೇಚಾಟ ನೋಡಿ. ಮಾದಲಿ ಉಂಡಾಗಿದೆ. ತಿರುಗಿ ಪ್ರಾರ್ಥನೆ ಮಾಡಿದರೆ ಅಂದು ಉಂಡದ್ದು ಸುಳ್ಳಾಗುತ್ತದೆ. ಮಾಡದಿದ್ದರೆ ನಾನು ಮುಂದಿನ ಸಾಲಿನಲ್ಲಿ ಕತ್ತಿಗೆ ಬ್ಯಾಂಡೇಜು ಕಟ್ಟಿಕೊಂಡು ಕೂತಿದ್ದೇನೆ. ಕೊಟ್ಟ ಕೃತಜ್ಞತೆಯನ್ನು ವಾಪಸು ಪಡೆಯುವ ಪದ್ಧತಿ ಯಾರಿಗೂ ಗೊತ್ತಿರಲಿಲ್ಲ. ಪಾಸ್ಟರ್ ಒಳ್ಳೆಯ ಮನುಷ್ಯ. ರೋಗಿಗಳಿಗಾಗಿ ಪ್ರಾರ್ಥಿಸುವಾಗ ಬೇರೆಯವರ ಹೆಸರು ಹೇಳಿ, ನನ್ನ ಕಡೆ ಬಂದಾಗ ಗಂಟಲು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಹಿರಿಯ ಸಹೋದರಿಯೊಬ್ಬರು ಮನೆಗೆ ಬಂದು, ಒಳಗೆ ಅಡಗಿಸಿಟ್ಟ ಪಾಪವೇನಾದರೂ ಇದ್ದರೆ ಒಪ್ಪಿಕೋ ಎಂದು ಕೈ ಹಿಡಿದು ಹೇಳಿದರು. ಅದೇ ವಾರ, ಇಷ್ಟು ವರ್ಷ ಬಾರದ ಅಣ್ಣ ಮಸೂತಿಯಿಂದ ಬಂದ. ಅತ್ತ. ಮನೆದೇವರನ್ನು ಬಿಟ್ಟದ್ದಕ್ಕೆ ಹೀಗಾಯಿತು, ಬಂದು ತಪ್ಪುಕಾಣಿಕೆ ಕಟ್ಟು ಎಂದ. ಇಬ್ಬರೂ ನನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಇಬ್ಬರೂ ಹೇಳಿದ್ದು ಒಂದೇ. ಎದುರುಬದುರು ಕೂಡಿಸಿದ್ದರೆ ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತಿದ್ದರು.

ಇವರು ಆ ದಿನಗಳಲ್ಲಿ ಸಾಕ್ಷಿಗೆ ಕರೆದರೆ ಹೋಗುತ್ತಿದ್ದರು, ಹಳೆಯದನ್ನೇ ಹೇಳುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಮಾತು ಕಡಿಮೆಯಾದ ಗಂಡಸಿನ ಟವೆಲ್ಲನ್ನು ನಾನು ದಿನಕ್ಕೆರಡು ಸಲ ಮೂಸತೊಡಗಿದೆ.

ಡಯಾಲಿಸಿಸ್ ಕೋಣೆಯಲ್ಲಿ ನನ್ನ ಪಕ್ಕದ ಹಾಸಿಗೆ ದೇವಣಗಾಂವದ ಕಸ್ತೂರವ್ವನದು. ಭೀಮಾ ನದಿಯ ದಂಡೆಯ ಊರು. ದಿನಾ ಹೊಳೆಯಲ್ಲಿ ಮಿಂದು, ಕೊಡ ತುಂಬಿಕೊಂಡು ಬೆಳೆದ ಮುದುಕಿ. ಸಿಂದಗಿಯ ಆಸ್ಪತ್ರೆಯಲ್ಲಿ ಜಾಗ ಸಿಗದೆ ಮಗಳ ಊರಾದ ಇಂಡಿಗೆ ಬಂದಿದ್ದಳು. ಮಷಿನ್ ಹಚ್ಚುವ ಮುಂಚೆ ನಮ್ಮಿಬ್ಬರನ್ನೂ ತೂಕಕ್ಕೆ ನಿಲ್ಲಿಸುತ್ತಾರೆ. ಹೋದ ಸಲಕ್ಕಿಂತ ಏರಿದ್ದಷ್ಟೂ ಕದ್ದು ಕುಡಿದ ನೀರು. ತಕ್ಕಡಿಯ ಮುಂದೆ ಸುಳ್ಳು ನಡೆಯುವುದಿಲ್ಲ. ಸಿಸ್ಟರ್ ಬೈದರೆ ಕಸ್ತೂರವ್ವ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದಳು. ಕನಸಿನಲ್ಲಿ ಹೊಳೆ ಬಂದಿತ್ತು, ಬೊಗಸೆ ತುಂಬಿಕೊಳ್ಳುವ ಮುಂಚೆ ಎಚ್ಚರವಾಯಿತು ಎಂದು ಒಮ್ಮೆ ಹೇಳಿದಳು.

"ಯವ್ವಾ, ಸಾಯೂದಕ್ಕ ನಾ ಅಂಜೂದಿಲ್ಲ. ಹೊಟ್ಟಿ ತುಂಬ ನೀರು ಕುಡದು ಸಾಯಬೇಕು, ಅಷ್ಟ."

ಇಂಡಿಯ ಬೇಸಿಗೆಯಲ್ಲಿ ನೀರಡಿಕೆ ಎಂದರೆ ಏನೆಂದು ಹೇಗೆ ಹೇಳಲಿ? ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಪಕ್ಕದ ಮನೆಯಲ್ಲಿ ನಳ ಬಿಟ್ಟರೆ ಕಿವಿ ಆ ಕಡೆ ಹೋಗುತ್ತದೆ. ಬಾಯಿ ಮುಕ್ಕಳಿಸುವ ನೆಪದಲ್ಲಿ ಒಂದು ಗುಟುಕು ನುಂಗುವುದನ್ನು ಕಲಿತೆ. ಬೇರೆಯವರೆದುರು ಶಿಸ್ತಿನವಳು, ಒಬ್ಬಳೇ ಇದ್ದಾಗ ಗಡಿಗೆಯ ಹತ್ತಿರ. ಒಂದು ಮಧ್ಯಾಹ್ನ ಇವರು ಹೇಳದೆ ಕೇಳದೆ ಬೇಗ ಬಂದರು. ನಾನು ಗಡಿಗೆಯ ಮುಂದೆ ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದೆ. ಗದ್ದದಿಂದ ನೀರು ಕುಪ್ಪಸದ ಮೇಲೆ ಇಳಿಯುತ್ತಿತ್ತು. ಹಿಂದೆ ಇವರು ಬಾಟಲಿ ಹಿಡಿದು ನಿಂತಾಗ ನಾನು ಏನೇನು ಅಂದಿದ್ದೆನೋ ಎಲ್ಲ ನೆನಪಿಗೆ ಬಂತು. ಇವರು ಬೈಯಲಿಲ್ಲ. ಲೋಟ ಕಸಿದುಕೊಳ್ಳಲೂ ಇಲ್ಲ. ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು, ನಾನು ಮುಖ ಒರೆಸಿಕೊಂಡ ಮೇಲೆ ಒಳಗೆ ಬಂದರು. ಅಷ್ಟು ಮರ್ಯಾದೆ ನಾನು ಇವರಿಗೆ ಒಂದು ದಿನವೂ ಕೊಟ್ಟಿರಲಿಲ್ಲ.

ಅದೇ ವಾರ ಇವರು ತಮ್ಮ ಒಂದು ಕಿಡ್ನಿ ನನಗೆ ಕೊಡುತ್ತೇನೆಂದು ಹೇಳಿದರು. ಮೊದಲೇ ನಿರ್ಧರಿಸಿಯಾಗಿತ್ತು. ರಕ್ತದ ಗುಂಪು ಹೊಂದಿತ್ತು. ಪಾಸ್ಟರಿಗೆ ಇದು ಗೊತ್ತಾಗಿ ಮುಖ ಅರಳಿತು, ದೇವರು ಗುಣಪಡಿಸುವ ದಾರಿ ಇದೇ ಇರಬೇಕು ಎಂದರು. ನನ್ನ ಮನಸ್ಸಿಗೂ ಆಸೆ ಬಂತು. ಅರವಟಿಗೆಯ ಮುಂದೆ ನಿಂತು ತಲೆಯೆತ್ತಿ ನೀರು ಕುಡಿಯುವುದನ್ನು ಎಷ್ಟೋ ಸಲ ಕಣ್ಣು ಮುಚ್ಚಿ ನೋಡಿದೆ.

ಸೊಲ್ಲಾಪುರದಲ್ಲಿ ಇವರಿಗೆ ಎಲ್ಲ ಪರೀಕ್ಷೆ ಮಾಡಿದರು. ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿ, ನಿಮ್ಮ ಕಿಡ್ನಿ ಚೆನ್ನಾಗಿದೆ, ಆದರೆ ಲಿವರ್ ಗಟ್ಟಿಯಾಗಿದೆ, ಈ ದೇಹಕ್ಕೆ ಆಪರೇಷನ್ ಮಾಡಲಾಗುವುದಿಲ್ಲ ಎಂದರು. ಕುಡಿಯುತ್ತೀರಾ ಎಂದು ಕೇಳಿದರು. ಬಿಟ್ಟು ಬಹಳ ವರ್ಷವಾಯಿತೆಂದು ಇವರು ಹೇಳಿದರು. ಬಿಟ್ಟದ್ದಕ್ಕೇ ಇಂದು ಬದುಕಿದ್ದೀರಿ, ಆದರೆ ಅಂದು ಆದದ್ದು ಆಗಿದೆ ಎಂದರು ಡಾಕ್ಟರು. ಸಭೆಯಲ್ಲಿ ನಮ್ಮ ಪಾಪಗಳು ತೊಳೆದುಹೋಗಿವೆ ಎಂದು ಹಾಡುತ್ತೇವೆ. ಹಾಡು ಸುಳ್ಳಲ್ಲ. ಆದರೆ ಲಿವರ್ ಆ ಹಾಡನ್ನು ಕೇಳಿರಲಿಲ್ಲ.

ಅಂದು ನಿಂಬೆಹಣ್ಣಿನ ಲೋಡು ಇಳಿಸಿ, ಮಾರಾಟವಾಗದ ಒಂದು ಚೀಲವನ್ನು ಹಿಂದೆ ಹಾಕಿಕೊಂಡು ಹೊರಟಿದ್ದೆವು. ಹೊತ್ತು ಇಳಿಯುತ್ತಿತ್ತು. ಝಳಕಿಯ ಧಾಬಾಗಳು ಕಾಣುವ ಜಾಗಕ್ಕೆ ಬಂದಾಗ ಟೆಂಪೊ ರಸ್ತೆಯ ಬದಿಗೆ ಸರಿಯಿತು. ಇವರು ಎಂಜಿನ್ ಆರಿಸಿದರು. ಬಾಗಿಲು ತೆಗೆದು ಇಳಿದರು. ಬೇಡ ಅನ್ನುವುದಕ್ಕೆ ನನಗೆ ಯಾವ ಹಕ್ಕಿದೆ ಅನಿಸಿತು. ನನ್ನ ಬಾಯಿ ಒಣಗಿ ಪ್ರಾರ್ಥನೆಯ ಮಾತೂ ಹೊರಡಲಿಲ್ಲ. ಇವರು ಹೋದರೆ ಹೋಗಲಿ, ನನ್ನ ಮೇಲಿನ ದುಃಖಕ್ಕಲ್ಲವೇ ಹೋಗುವುದು ಎಂದುಕೊಂಡೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನೇ ಇವರನ್ನು ಕೈಬಿಟ್ಟಿದ್ದೆ.

ಹಿಂದೆ ಚೀಲ ಬಿಚ್ಚಿದ ಸದ್ದಾಯಿತು. ಇವರು ಒಂದು ನಿಂಬೆಹಣ್ಣು ತಂದು ಸೀಟಿನ ಕೆಳಗಿನ ಚಾಕುವಿನಿಂದ ಎರಡು ಹೋಳು ಮಾಡಿದರು. ಒಂದನ್ನು ಸಿಪ್ಪೆ ಸಹಿತ ಬಾಯಿಗೆ ಹಾಕಿ ಕಚ್ಚಿದರು. ಕಣ್ಣು ಬಿಗಿಯಾಗಿ ಮುಚ್ಚಿದವು. ರಸ ಗದ್ದಕ್ಕೆ ಇಳಿದದ್ದನ್ನು ಹೆಗಲ ಟವೆಲ್ಲಿನಿಂದ ಒರೆಸಿಕೊಂಡರು. ಆ ಟವೆಲ್ಲು ನೋಡಿದ ಮೇಲೆ ನನಗೆ ಎಲ್ಲ ತಿಳಿಯಿತು.

"ದಿನಾ?" ಎಂದು ಕೇಳಿದೆ.

"ದಿನಾ," ಎಂದರು. "ನೀ ಗಾಡ್ಯಾಗ ಇಲ್ಲದಾಗೆಲ್ಲ ಇಲ್ಲೇ ನಿಂದ್ರತೇನಿ. ಒಂದು ಹಣ್ಣು ಕಚ್ಚತೇನಿ. ಹಲ್ಲು ಜುಂ ಅಂತಾವು. ಆ ಜುಂ ಇಳಿಯೂದ್ರೊಳಗ ಗಾಡಿ ಹೊಳ್ಳಸಬೇಕು."

"ಆಶಾ ಹೋಗೇತಿ ಅಂತಿದ್ರಲ್ರಿ."

ಇವರು ಚಾಕು ಒರೆಸಿ ಸೀಟಿನ ಕೆಳಗೆ ಇಟ್ಟರು.

"ಒಂದು ದಿನಾನೂ ಹೋಗಿಲ್ಲ, ಶಾಂತಾ. ಪಹಿಲೇ ಸಲ ಎಲ್ಲಾರ ಮುಂದ ಹೋಗೇತಿ ಅಂದೆ, ಮಂದಿ ಖುಷಿಪಟ್ರು. ಆಮ್ಯಾಲೆ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಅವತ್ತ ನೀ ಗಡಿಗಿ ಮುಂದ ನಿಂತಿದ್ದೆಲ್ಲ, ನಿನ್ನ ನೋಡಿ ಹೇಳಬೇಕನಸ್ತು. ಅದು ಹೆಂಗಿರತೈತಿ ಅಂತ ನನಗ ಗೊತ್ತೈತಿ."

ಉಳಿದ ಅರ್ಧ ಹೋಳನ್ನು ನನ್ನ ಕೈಗೆ ಕೊಟ್ಟರು. ನಾಲಗೆಗೆ ಒತ್ತಿಕೊಂಡೆ. ಒಣಗಿದ ಬಾಯಿಯಲ್ಲಿ ಎಲ್ಲಿಂದಲೋ ನೀರೂರಿತು. ಶಿಲುಬೆಯ ಮೇಲಿದ್ದವನು ನೀರಡಿಸಿದಾಗ ಅವನ ತುಟಿಗೂ ಹುಳಿರಸವನ್ನೇ ಹಿಡಿದರಂತೆ. ಎಷ್ಟೋ ಸಲ ಕೇಳಿದ ಆ ಸಂಗತಿ ನನಗೆ ಅರ್ಥವಾದದ್ದು ಝಳಕಿಯ ರಸ್ತೆ ಬದಿಯಲ್ಲಿ. ಇಬ್ಬರೂ ಅತ್ತೆವು. ಆಮೇಲೆ ಇವರು ಗಾಡಿ ಹೊರಳಿಸಿದರು.

ಮುಂದಿನ ಭಾನುವಾರ ಸಭೆಗೆ ಹೊಸಬರು ಬಂದಿದ್ದರು. ಪಾಸ್ಟರ್ ರೂಢಿಯಂತೆ ಸಾಕ್ಷಿಗೆ ಇವರ ಹೆಸರು ಹಿಡಿದರು. ಇವರು ಎದ್ದುನಿಂತು ಟವೆಲ್ಲನ್ನು ಕೈಗೆ ಸುತ್ತಿಕೊಂಡರು.

"ನನ್ನ ಹೆಂಡ್ತಿಗೆ ಆರಾಮಾಗಿಲ್ರಿ. ಮಾದಲಿ ಲಗೂನ ಉಣಿಸಿಬಿಟ್ಟಿವಿ. ಕುಡಿಯೂ ಆಶಾನೂ ನನಗ ಹೋಗಿಲ್ಲ. ಇವತ್ತು ಮುಂಜಾನೇನೂ ಐತಿ. ಆದ್ರ ಕುಡದಿಲ್ಲ. ಕರ್ತ ನನಗ ಮಾಡಿದ್ದು ಅಷ್ಟರಿ."

ಕೂತರು. ಯಾರೂ ಹಲ್ಲೆಲೂಯ ಎನ್ನಲಿಲ್ಲ. ಪಾಸ್ಟರ್ ಒಂದು ಕೀರ್ತನೆ ಎತ್ತಿದರು, ಅದು ಸರಿಯಾಗಿ ಹತ್ತಲಿಲ್ಲ. ಅಂದಿನಿಂದ ಇವರನ್ನು ಸಾಕ್ಷಿಗೆ ಯಾವ ಊರಿನವರೂ ಕರೆದಿಲ್ಲ. ಗೆದ್ದ ಕಥೆ ಕೇಳಲು ಜನ ಬರುತ್ತಾರೆ, ಇನ್ನೂ ನಡೆದಿರುವ ಕುಸ್ತಿಗೆ ಯಾರನ್ನು ಕರೆಯುವುದು? ಸಭೆ ನಮ್ಮನ್ನು ಬಿಟ್ಟಿಲ್ಲ, ನಾವೂ ಬಿಟ್ಟಿಲ್ಲ. ನಮ್ಮ ಸುತ್ತ ಚಾಪೆಯ ಮೇಲೆ ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ, ಅಷ್ಟೇ.

ಒಬ್ಬ ಮಾತ್ರ ಬಂದ. ಇವರನ್ನು ಮೊದಲು ಕೂಟಕ್ಕೆ ಕರೆದುಕೊಂಡು ಹೋಗಿದ್ದ ಅದೇ ಹಮಾಲ. ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕೂತು, ತಾನು ಮೂರ್ನಾಲ್ಕು ವರ್ಷದಿಂದ ಕದ್ದು ಕುಡಿಯುತ್ತಿದ್ದೇನೆ, ಎಲ್ಲರಿಗೂ ಆಸೆ ಹೋಗಿದೆ, ತನಗೊಬ್ಬನಿಗೇ ಹೋಗಿಲ್ಲವೆಂದು ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ ಎಂದ. ಈಗ ಇವರ ಟೆಂಪೊದಲ್ಲಿ ಲೋಡಿಗೆ ಅವನೇ ಹೋಗುತ್ತಾನೆ. ಝಳಕಿಯಲ್ಲಿ ಇಬ್ಬರೂ ಒಂದೊಂದು ಹೋಳು ಕಚ್ಚುತ್ತಾರೆ. ಕೆಲವು ದಿನ ಅವನು ದಾಟುತ್ತಾನೆ. ಮೊನ್ನೆ ದಾಟಲಿಲ್ಲ.

ನಿಂಬೆ ಹೋಳುಗಳನ್ನು ಡಬ್ಬಿಯಲ್ಲಿ ಹಾಕಿ ಕಸ್ತೂರವ್ವನಿಗೂ ಒಯ್ಯುತ್ತಿದ್ದೆ. ರಸ ನುಂಗಬೇಡಿ, ನಾಲಗೆಗೆ ಹಚ್ಚಿ ಬಿಡಿ ಎಂದು ಸಿಸ್ಟರ್ ಹೇಳಿದ್ದರು. ಮುದುಕಿ ಕಣ್ಣು ಕಿರಿದು ಮಾಡಿಕೊಂಡು ಚೀಪುವಾಗ ಚಿಕ್ಕ ಹುಡುಗಿಯಂತೆ ಕಾಣುತ್ತಿದ್ದಳು. ಒಂದು ದಿನ ಹೋದಾಗ ಅವಳ ಹಾಸಿಗೆಗೆ ಹೊಸ ಬೆಡ್‌ಶೀಟು ಹಾಕಿತ್ತು, ರಿಪೋರ್ಟಿನ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡ ಹರೆಯದ ಹೆಂಗಸೊಬ್ಬಳು ಅದರ ಅಂಚಿಗೆ ಕೂತಿದ್ದಳು. ಕಸ್ತೂರವ್ವನಿಗೆ ಕೊನೆಗೆ ಹೊಟ್ಟೆ ತುಂಬ ನೀರು ಕೊಟ್ಟರೋ ಇಲ್ಲವೋ ಎಂದು ಮಗಳನ್ನು ಕೇಳಬೇಕೆಂದಿದ್ದೆ. ಮಗಳು ಮತ್ತೆ ಸಿಗಲಿಲ್ಲ. ಡಬ್ಬಿಯನ್ನು ಹೊಸಬಳ ಕಡೆ ಸರಿಸಿದೆ.

ನನ್ನ ಎಡಗೈಯ ಮೊದಲ ಹೊಲಿಗೆಯಲ್ಲಿ ರಕ್ತ ಕಟ್ಟಿಕೊಂಡಿತು. ಅದೇ ಕೈಗೆ ಸ್ವಲ್ಪ ಮೇಲೆ ಇನ್ನೊಂದು ಮಾಡಿದರು. ಅದರ ಜುಂ ಕೂಡ ಈಗ ಕೆಲವು ದಿನ ಕೈಗೆ ಸಿಗುವುದಿಲ್ಲ. ಅದೂ ಹೋದರೆ ಮುಂದೆ ಹೆಚ್ಚು ದಾರಿಗಳಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಗುಣಮಾಡು ಎಂದು ನಾನು ಬೇಡುವುದನ್ನು ಬಿಟ್ಟಿದ್ದೇನೆ. ಸಿಟ್ಟಿನಿಂದಲ್ಲ. ಕೇಳಿ ಕೇಳಿ ಬಾಯಿ ಸೋತಿದೆ. ಆದರೂ ಪ್ರಾರ್ಥನೆ ನಿಂತಿಲ್ಲ, ಗಿಡ್ಡದಾಗಿದೆ. ಸಂಜೆ ಇವರು ಬಂದ ಮೇಲೆ ನಾನು, ದಾಟಿತೇನ್ರಿ ಎಂದು ಕೇಳುತ್ತೇನೆ. ದಾಟಿತು ಎನ್ನುತ್ತಾರೆ. ನಿಂದು ದಾಟಿತೇನು ಎಂದು ತಂಬಿಗೆಯ ಕಡೆ ನೋಡಿ ಇವರು ಕೇಳುತ್ತಾರೆ. ದಾಟಿದ ದಿನ ದಾಟಿತು ಎನ್ನುತ್ತೇನೆ, ದಾಟದ ದಿನ ಇಲ್ಲ ಎನ್ನುತ್ತೇನೆ. ಆಮೇಲೆ ಇಬ್ಬರೂ ಕಣ್ಣು ಮುಚ್ಚುತ್ತೇವೆ.

ನಿನ್ನೆ ಕೇಳಬಾರದ್ದನ್ನು ಕೇಳಿಬಿಟ್ಟೆ. ಇವರು ಮುಖ ತೊಳೆದು ಬಂದು ಹೊಸ್ತಿಲ ಹತ್ತಿರ ಕೂತಿದ್ದರು.

"ನಾ ಹೋದಮ್ಯಾಲೆ ನಿಮ್ಮನ್ನ ಯಾರು ಕೇಳ್ತಾರ್ರಿ, ದಾಟಿತೇನಂತ?"

ಇವರು ಕಿಸೆಯಿಂದ ಹಣ್ಣು ತೆಗೆದು ಹೆಚ್ಚಿದರು. ಸಣ್ಣ ಹೋಳು ನನಗೆ ಕೊಟ್ಟರು.

"ಯಾರೂ ಕೇಳಂಗಿಲ್ಲ," ಎಂದರು. "ಆದ್ರೂ ದಾಟಬೇಕಲ್ಲ."

ಹೋಳನ್ನು ನಾಲಗೆಗೆ ಒತ್ತಿಕೊಂಡು ಎದ್ದೆ. ಇವರ ಟವೆಲ್ಲನ್ನು ಒಗೆಯಲು ಹಾಕುವ ಮುಂಚೆ, ಹಳೆಯ ಚಾಳಿ, ಮೂಗಿಗೆ ಹಿಡಿದೆ. ನಿಂಬೆಹಣ್ಣಿನ ವಾಸನೆ ಇತ್ತು.